ಷಡ್ಡಕನ ಟ್ರೈಲರಿಗಿಂತ ಒಂದು ಗೇಣು ಉದ್ದ

ತಮಗೆ ಹೊಟ್ಟೆಕಿಚ್ಚೇ ಇಲ್ಲ ಎನ್ನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನಲ್ಲಂತೂ ಅದು ಧಾರಾಳವಾಗಿದೆ. ಹಾಗೆಂದು ಕಂಡಕಂಡವರ ಮೇಲೆಲ್ಲ ಚೆಲ್ಲುವವನಲ್ಲ ನಾನು. ಅಷ್ಟನ್ನೂ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಹಿರಿಯೂರಿನ ತೆಂಗಿನಕಾಯಿ ಮಂಡಿಯ ರುದ್ರಪ್ಪನಿಗೆಂದೇ ಮೀಸಲಿಟ್ಟಿದ್ದೇನೆ.

ಹೊಸದುರ್ಗದ ನಮ್ಮ ಮಾವನವರ ಹತ್ತಿರ ಬ್ರಿಟಿಷರ ಕಾಲದ ಎರಡು ಕಾರುಗಳಿದ್ದವು. ಅಳಿಯಂದಿರಲ್ಲಿ ಭೇದ ಮಾಡಬಾರದೆಂದು ಇಬ್ಬರಿಗೂ ಒಂದೊಂದು ಕೊಟ್ಟರು. ಹಿರಿಯಳಿಯನಾದ ನನಗೆ ದೊಡ್ಡದು. ಎರಡೂ ಕಡೆ ಫುಟ್‌ಬೋರ್ಡು, ಅರ್ಧ ದಿಬ್ಬಣ ಹಿಡಿಸುವಂಥ ಕರೀ ಕಾರು. ರುದ್ರಪ್ಪನಿಗೆ ಇಬ್ಬರೇ ಕೂರುವ ಪುಟ್ಟ ಕೆಂಪು ಕಾರು. ಅವತ್ತು ನಾನು ಒಳಗೊಳಗೇ ನಕ್ಕಿದ್ದೆ. ಆಮೇಲೆ ನಕ್ಕ ನೆನಪಿಲ್ಲ.

ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಹಳೇ ಕಾರುಗಳ ಪ್ರದರ್ಶನ ನಡೆಯುತ್ತದೆಂದು ಕೇಳಿ, ಕೋರ್ಟಿಗೆ ರಜೆ ಹಾಕಿ, ಚಿತ್ರದುರ್ಗದಿಂದ ಕಾರು ಓಡಿಸಿಕೊಂಡೇ ಹೊರಟೆ. ಹಿರಿಯೂರು ಮುಟ್ಟುವಷ್ಟರಲ್ಲಿ ರೇಡಿಯೇಟರು ಕುದಿದು, ಅದಕ್ಕೆ ಬೇರೆ ಜಾಗವೇ ಸಿಗದ ಹಾಗೆ ರುದ್ರಪ್ಪನ ಮಂಡಿಯ ಮುಂದೆಯೇ ನಿಂತಿತು. ಅವನು ಎಳನೀರು ಕೆತ್ತಿಸಿ ಕೊಟ್ಟು, "ಹೋಗ್ಲಿ ಬಿಡ್ರಿ ಅಣ್ಣಾರೆ, ಪಾಪ, ವಯಸ್ಸಾಗೈತೆ" ಎಂದ. ಎಳನೀರನ್ನು ಅರ್ಧಕ್ಕೇ ಕೆಳಗಿಟ್ಟೆ.

ಮರುವರ್ಷ ಆ ಪುಣ್ಯಾತ್ಮ ಒಂದು ಟ್ರೈಲರ್ ಮಾಡಿಸಿದ. ಅದರ ಮೇಲೆ ಕೆಂಪು ಕಾರು ಹತ್ತಿಸಿ, ತಾಡಪಾಲು ಹೊದಿಸಿ, ಜೀಪಿನ ಹಿಂದೆ ಕಟ್ಟಿಕೊಂಡು ಬೆಂಗಳೂರಿಗೆ ಹೋದ. ಕಾರಿನ ಮೇಲೆ ಒಂದು ಚಿಟಿಕೆ ಧೂಳಿಲ್ಲ. ಬರುವಾಗ ಮೊದಲ ಬಹುಮಾನದ ಬೆಳ್ಳಿ ಕಪ್ಪು! ಆ ಯುಗಾದಿಗೆ ಹೊಸದುರ್ಗಕ್ಕೆ ಹೋದರೆ, ಹನ್ನೆರಡು ವರ್ಷದಿಂದ ನನ್ನದಾಗಿದ್ದ ಪಂಕ್ತಿಯ ಮೊದಲ ಮಣೆಯ ಮೇಲೆ ರುದ್ರಪ್ಪ ಕೂತಿದ್ದಾನೆ. ಮೊದಲ ಹೋಳಿಗೆ ಅವನೆಲೆಗೆ ಬಿತ್ತು, ಎರಡನೆಯದು ನನಗೆ. ಎರಡೂ ಒಂದೇ ಹೂರಣದವು ಎಂದು ನನ್ನ ಹೆಂಡತಿ ಶಾರದೆ ಸಮಾಧಾನ ಹೇಳಿದಳು. ಇಂಥ ವಿಷಯ ಹೆಂಗಸರಿಗೆ ತಿಳಿಯುವುದಿಲ್ಲ.

ನಾನೂ ಟ್ರೈಲರ್ ಹುಡುಕಲು ಹೊರಟೆ. ಬಬ್ಬೂರಿನಲ್ಲಿ ಒಬ್ಬರು ಟ್ರ್ಯಾಕ್ಟರಿನ ಟ್ರೈಲರ್ ತೋರಿಸಿದರು. ಅದರಲ್ಲಿ ಗೊಬ್ಬರದ ವಾಸನೆ ಇನ್ನೂ ಹಸಿಯಾಗಿತ್ತು. ಇನ್ನೊಂದು ಚೆನ್ನಾಗಿತ್ತು, ಆದರೆ ಎರಡೇ ಗಾಲಿ. ರುದ್ರಪ್ಪನದೂ ಎರಡೇ ಗಾಲಿ, ಹಾಗಾಗಿ ನನಗೆ ನಾಲ್ಕು ಬೇಕಿತ್ತು. ಅವನದಕ್ಕೆ ಮರದ ಹಲಗೆ, ನನಗೆ ಕಬ್ಬಿಣದ ತಗಡು ಬೇಕಿತ್ತು. ಕೊನೆಗೆ ಹೊಳಲ್ಕೆರೆಯ ಕುಲುಮೆ ಈರಾಚಾರಿಯ ಹತ್ತಿರ ಮಾಡಿಸುವುದೆಂದು ತೀರ್ಮಾನಿಸಿ, ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಹಿರಿಯೂರಿಗೆ ಹೋದೆ. ಊಟವಾಗಿ ರುದ್ರಪ್ಪ ಗೊರಕೆ ಹೊಡೆಯುತ್ತಿದ್ದಾಗ ಹಿತ್ತಿಲಿಗೆ ನುಸುಳಿ, ಕೇಸಿನ ಕಾಗದ ಕಟ್ಟುವ ಕೆಂಪು ದಾರದಿಂದ ಅವನ ಟ್ರೈಲರ್ ಅಳೆದು, ಉದ್ದಕ್ಕೊಂದು ಅಗಲಕ್ಕೊಂದು ಗಂಟು ಹಾಕಿಕೊಂಡು ಬಂದೆ. ವಕೀಲಿ ಮಾಡುವವನು ಮಾಡುವ ಕೆಲಸವೇ ಇದು ಎಂದು ನೀವು ಕೇಳಬಾರದು.

"ಈ ಗಂಟಿಗಿಂತ ಉದ್ದ ಒಂದು ಗೇಣು ಜಾಸ್ತಿ, ಅಗಲ ನಾಲ್ಕು ಬೆರಳು ಜಾಸ್ತಿ, ಅಕ್ಕಪಕ್ಕದ ತಡೆ ಎದೆಮಟ್ಟ ಇರಲಿ" ಎಂದೆ.

ಈರಾಚಾರಿ ದಾರ ನೋಡಿ, "ಅದೆಲ್ಲ ಮಾಡಾಣ. ಕಾರು ಒಂದ್ಸಲ ತಂದು ನಿಲ್ಲಿಸ್ರಿ ಸ್ವಾಮಿ, ಅಳತೆ ತಗಂತೀನಿ" ಎಂದ.

"ಅಳತೆ ತಂದಿದೀನಲ್ಲಪ್ಪ, ಕಾರು ಯಾಕೆ?" ಎಂದು ರೇಗಿದೆ. ಅವನು ದಾರ ಸುತ್ತಿ ಜೇಬಿಗಿಟ್ಟುಕೊಂಡ.

ಟ್ರೈಲರ್ ಬಂತು. ನೀಲಿ ಬಣ್ಣ, ನಾಲ್ಕು ಗಾಲಿ, ಬೀದಿಯವರೆಲ್ಲ ಬಂದು ನೋಡಿದರು. ಹಲಗೆ ಒಡ್ಡಿ ಕಾರು ಹತ್ತಿಸಿದೆವು. ಮುಂದಿನ ಗಾಲಿ ಹತ್ತಿತು. ಆಮೇಲೆ ಕರಕರ ಎಂದಿತು. ಎರಡೂ ಕಡೆಯ ಮಡ್‌ಗಾರ್ಡು ತಡೆಗೆ ಸಿಕ್ಕಿಕೊಂಡು ಕಾರು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹತ್ತು ಜನ ಸೇರಿ ಕೆಳಗೆಳೆದರು.

ಶಾರದೆ ಹೊಸಿಲಲ್ಲಿ ನಿಂತು ಕೇಳಿದಳು: "ಅಲ್ರೀ, ನಮ್ಮ ಕಾರಿನ ಅಳತೆ ತಗಂಡಿದ್ರಾ?"

ಅಯ್ಯೋ ನನ್ನ ಬುದ್ಧಿಗಿಷ್ಟು! ಅದೊಂದನ್ನು ಬಿಟ್ಟು ಎಲ್ಲ ಅಳೆದಿದ್ದೆ.

ತಡೆ ಕತ್ತರಿಸಿ ಅಗಲ ಮಾಡಿಸೋಣವೆಂದರೆ ಪ್ರದರ್ಶನಕ್ಕೆ ನಾಲ್ಕೇ ದಿನ. ಅಷ್ಟರಲ್ಲಿ ಮಾವನವರಿಂದ ಹೇಳಿಕೆ ಬಂತು. ರುದ್ರಪ್ಪನ ಟ್ರೈಲರಿನ ಅಚ್ಚು ಮುರಿದಿದೆಯಂತೆ. "ದೊಡ್ಡಳಿಯಂದಿರ ಹತ್ರ ಹೊಸಾದು ಐತಂತಲ್ಲ, ಕೊಟ್ಟು ಕಳಿಸ್ರಿ." ಮಾವನ ಮಾತು, ಇಲ್ಲ ಎನ್ನುವುದು ಹೇಗೆ? ಕೆಂಪು ಕಾರು ನನ್ನ ಟ್ರೈಲರಿನಲ್ಲಿ ತೊಟ್ಟಿಲಲ್ಲಿ ಮಲಗಿದ ಕೂಸಿನಂತೆ ಕೂತು ಬೆಂಗಳೂರಿಗೆ ಹೋಯಿತು. ಮತ್ತೆ ಕಪ್ಪು ತಂದಿತು. ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಯುಗಾದಿಗೆ ಹೊಸದುರ್ಗಕ್ಕೆ ಹೋಗುವುದೇ ಬೇಡ ಎಂದಿದ್ದೆ. ಶಾರದೆ ಎಳೆದುಕೊಂಡು ಹೋದಳು. ಊಟಕ್ಕೆ ಕರೆದಾಗ ನಾನಾಗಿಯೇ ಎರಡನೇ ಮಣೆಯ ಕಡೆ ನಡೆದರೆ, ಮಾವನವರು ತೋಳು ಹಿಡಿದು ಮೊದಲ ಮಣೆಯ ಮೇಲೆ ಕೂರಿಸಿದರು. ಪಂಕ್ತಿಗೆಲ್ಲ ಕೇಳುವಂತೆ, "ನೋಡ್ರಪ್ಪ, ದೊಡ್ಡಳಿಯಂದಿರ ಮನಸ್ಸು ಅಂದ್ರೆ ಇದು! ತಮ್ಮ ಕಾರು ಮನೇಲಿ ಬಿಟ್ಟು ತಮ್ಮನ ಕಾರಿನ ಅಳತೆಗೇ ಟ್ರೈಲರ್ ಮಾಡಿಸ್ಯಾರೆ. ಯಾರಿಗೂ ಒಂದ್ಮಾತು ಹೇಳಿಲ್ಲ!" ಎಂದರು.

ರುದ್ರಪ್ಪ ಕಣ್ಣೊರೆಸಿಕೊಂಡು ನನ್ನ ಕಾಲು ಮುಟ್ಟಿದ. ಅವನನ್ನು ಎಬ್ಬಿಸುವಾಗ, ಇವನಿಗೆ ಇಷ್ಟು ಒಳ್ಳೇ ಮನಸ್ಸು ಎಲ್ಲಿಂದ ಬಂತಪ್ಪ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಮೊದಲ ಹೋಳಿಗೆ ನನ್ನ ಎಲೆಗೇ ಬಿತ್ತು. ಶಾರದೆ ತುಪ್ಪದ ಗಿಂಡಿ, ಬಡಿಸುವ ಮಿಳ್ಳೆ ಹಿಡಿದು ಬಂದು ಬಗ್ಗಿದಳು. "ಇನ್ನೊಂದು ಚೂರು ಹಾಕ್ಲಾ, ದೊಡ್ಡ ಮನಸ್ಸಿನೋರೆ?" ಎಂದಳು, ನನಗೆ ಮಾತ್ರ ಕೇಳುವಂತೆ.

ತಲೆ ಎತ್ತದೆ ಹೇಳಿದೆ: "ಹಾಕು. ರುದ್ರಪ್ಪನಿಗಿಂತ ಒಂದು ಮಿಳ್ಳೆ ಜಾಸ್ತಿ."