ಅಟ್ಟ ಹತ್ತಿದ ಸರ್ವರ್

ಪೂರ್ತಿ ಕೆಟ್ಟ ವಸ್ತುವನ್ನು ಎಸೆಯಬಹುದು, ಚೆನ್ನಾಗಿರುವ ವಸ್ತುವನ್ನು ಬಳಸಬಹುದು. ಅರ್ಧ ಕೆಟ್ಟ ವಸ್ತುವನ್ನು ಏನು ಮಾಡಬೇಕೆಂಬುದೇ ಸಂಸಾರಸ್ಥರ ನಿಜವಾದ ಸಮಸ್ಯೆ. ನಮ್ಮ ಮನೆಯಲ್ಲಿ ಒಂದು ಕಿವಿ ಮುರಿದ ಬಾಣಲೆ ಇದೆ, ಒಂದೇ ಸ್ಪೀಡಿನಲ್ಲಿ ತಿರುಗುವ ಫ್ಯಾನ್ ಇದೆ, ಮತ್ತು ನಾನಿದ್ದೇನೆ. ಈ ಸಾಲಿಗೆ ನನ್ನ ಹಳೆಯ ಆಂಡ್ರಾಯ್ಡ್ ಫೋನೂ ಬಂದು ಸೇರಿಕೊಂಡಿತು. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಕೈಜಾರಿ ಬಿದ್ದು ಅದರ ಗಾಜು ಒಡೆದಿತ್ತು. ಪರದೆಯ ಕೆಳಗಿನ ಭಾಗ ಬೆರಳಿಗೆ ಓಗೊಡುತ್ತಿರಲಿಲ್ಲ. ಆದರೆ ಒಳಗಿನ ಯಂತ್ರ ಗಟ್ಟಿಮುಟ್ಟಾಗಿಯೇ ಇತ್ತು. ಹೊಸ ಫೋನು ಕೊಳ್ಳುವಾಗ ಇದನ್ನು ಬದಲಿಗೆ ತಗೊಳ್ತೀರಾ ಎಂದು ಕೇಳಿದೆ. ಅಂಗಡಿಯವನು ಫೋನನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿ ನಕ್ಕ. ಆ ನಗುವಿಗೆ ಉತ್ತರ ಕೊಡಲೇಬೇಕೆಂಬ ಹಟ ಹುಟ್ಟಿತು.

ನಾನು ತಿಪಟೂರಿನ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಕಂಪ್ಯೂಟರ್ ಮುನಿಸಿಕೊಂಡಾಗ ಅದನ್ನು ಆಫ್ ಮಾಡಿ ಆನ್ ಮಾಡುವವನು ನಾನೇ ಆದ್ದರಿಂದ ಅಲ್ಲಿ ನನಗೆ ತಂತ್ರಜ್ಞಾನಿ ಎಂಬ ಬಿರುದಿದೆ. ಬಿರುದು ಬಂದ ಮೇಲೆ ಉಳಿಸಿಕೊಳ್ಳಬೇಕಲ್ಲ! ಹಾಗಾಗಿ ಊಟದ ಬಿಡುವಿನಲ್ಲಿ ಒಂದಿಷ್ಟು ವಿಡಿಯೊ ನೋಡುತ್ತಿರುತ್ತೇನೆ. ಅವುಗಳಲ್ಲೊಂದು ಹಳೆಯ ಫೋನನ್ನೇ ಮನೆಯ ಸರ್ವರ್ ಮಾಡಿಕೊಳ್ಳುವುದು ಹೇಗೆಂದು ತೋರಿಸಿತು. ಮನೆಮಂದಿಯ ಫೋಟೊ, ವಿಡಿಯೊಗಳನ್ನೆಲ್ಲ ಅದರೊಳಗೆ ತುಂಬಿಟ್ಟರೆ ಮನೆಯ ವೈಫೈ ಮೂಲಕ ಯಾರ ಫೋನಿನಲ್ಲಿ ಬೇಕಾದರೂ ನೋಡಬಹುದಂತೆ. ಕರೆಂಟು ಹೋದರೂ ಫೋನಿಗೆ ಅದರದ್ದೇ ಬ್ಯಾಟರಿ ಇರುತ್ತದೆ. ದೂರದ ಯಾವುದೋ ಕಂಪನಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಿ ನಮ್ಮ ಫೋಟೊಗಳನ್ನು ಅವರ ಬಳಿ ಇಡುವ ಹಣೆಬರಹ ನಮಗೇಕೆ? ಸ್ವಂತ ತೋಟ ಇಟ್ಟುಕೊಂಡು ಸಂತೆಯಲ್ಲಿ ಕಾಯಿ ಕೊಳ್ಳುವವರುಂಟೇ?

ಇದನ್ನೇ ಅವ್ವನಿಗೂ ಹೇಳಿದೆ. "ಇನ್ಮೇಲೆ ನಮ್ಮ ಫೋಟೊ ಎಲ್ಲ ನಮ್ಮ ಮನೇಲೇ ಇರ್ತವೆ ಕಣವ್ವ."

"ಮತ್ತೆ ಇಷ್ಟ್ ದಿನ ಯಾರ್ ಮನೇಲಿದ್ವು?"

"ಅಮೆರಿಕದೋರ ಹತ್ರ."

"ಅವ್ರೇನು ನೆಂಟರೇನ್ಲಾ? ಅಲ್ಲಿಗ್ಯಾಕೆ ಕಳ್ಸಿದ್ದೆ?" ಎಂದು ಅವ್ವ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಸ್ವಂತ ಸರ್ವರ್‌ನ ತತ್ವವನ್ನು ಇಷ್ಟು ಚೆನ್ನಾಗಿ ಆ ವಿಡಿಯೊದವನೂ ಹೇಳಿರಲಿಲ್ಲ.

ಒಂದು ಭಾನುವಾರವಿಡೀ ಕೂತು, ಮೂರು ಸಲ ಕೆಡಿಸಿ, ನಾಲ್ಕನೆಯ ಸಲ ಸರಿಮಾಡಿ ಸರ್ವರ್ ಓಡಿಸಿದೆ. ನನ್ನ ಹೆಂಡತಿ ಸರೋಜಳ ಫೋನು ಬೆಳಗಾದರೆ 'ಜಾಗವಿಲ್ಲ, ಜಾಗವಿಲ್ಲ' ಎಂದು ಗೋಳಿಡುತ್ತಿತ್ತು. ಅದರಲ್ಲಿದ್ದುದನ್ನೆಲ್ಲ ಸರ್ವರಿಗೆ ಸಾಗಿಸಿ, ಅಮೆರಿಕದವರ ಹತ್ತಿರ ಇದ್ದುದನ್ನೂ ಅಳಿಸಿ ಬಾಡಿಗೆ ನಿಲ್ಲಿಸಿ, ಅವಳ ಫೋನನ್ನು ಗುಡಿಸಿ ಸಾರಿಸಿದಂತೆ ಖಾಲಿ ಮಾಡಿಕೊಟ್ಟೆ. "ನಮ್ಮಮ್ಮನ ವಿಡಿಯೊ ಇದೆಯಲ್ಲಾರೀ?" ಎಂದು ಮಾತ್ರ ಕೇಳಿದಳು. ಅತ್ತೆ ಅರಳಗುಪ್ಪೆಯ ತಮ್ಮ ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಮಾತಾಡಿದ ವಿಡಿಯೊ ಅದು. ಸರೋಜಳ ಫೋನಿನಲ್ಲಿ ನಾನೇ ತೆಗೆದದ್ದು. ಫೋಟೊ ಎಂದರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ ಅತ್ತೆ ಮನಸ್ಸು ಬಿಚ್ಚಿ ಮಾತಾಡಿದ್ದು ಅದೊಂದರಲ್ಲೇ. ಅದಾದ ಮುಂದಿನ ವರ್ಷ ಅವರು ತೀರಿಕೊಂಡರು. ಸರೋಜ ಅದನ್ನು ಯಾರಿಗೂ ಕಳಿಸಿರಲಿಲ್ಲ. ಅಡುಗೆ ಮಾಡುವಾಗ ಒಮ್ಮೊಮ್ಮೆ ಅದನ್ನು ಹಾಕಿ ಒಲೆಯ ಪಕ್ಕ ಇಟ್ಟುಕೊಳ್ಳುತ್ತಿದ್ದಳು. "ಇದೆ, ಭದ್ರವಾಗಿದೆ. ಅದರದ್ದೇ ಎಲ್ಲಕ್ಕಿಂತ ದೊಡ್ಡ ಸೈಜು," ಎಂದೆ. ನಾನು ನೋಡಿದ್ದು ಸೈಜು ಮಾತ್ರ.

ಸರ್ವರ್ ಹಗಲಿರುಳು ಚಾಲೂ ಇರಬೇಕು. ನಮ್ಮ ಮನೆಯಲ್ಲಿ ಅದೇ ಕಷ್ಟ. ಹಾಲ್‌ನಲ್ಲಿಟ್ಟರೆ ಸರೋಜ ಇಸ್ತ್ರಿಪೆಟ್ಟಿಗೆಗಾಗಿ ಪ್ಲಗ್ಗು ಕೀಳುತ್ತಾಳೆ. ನಡುಮನೆಯಲ್ಲಿಟ್ಟರೆ ಅವ್ವ "ಸುಮ್ನೆ ಕರೆಂಟ್ ಕುಡೀತಾ ಕೂತದೆ" ಎಂದು ಸ್ವಿಚ್ಚು ಆರಿಸುತ್ತಾಳೆ. ಯಾರೂ ಮುಟ್ಟದ ಜಾಗ ಯಾವುದು ಎಂದು ಯೋಚಿಸಿದಾಗ ಅಟ್ಟ ನೆನಪಾಯಿತು. ಉಂಡೆ ಕೊಬ್ಬರಿ ಮಾಡುವವರ ಮನೆಯಲ್ಲಿ ಅಟ್ಟವೆಂದರೆ ದೇವರ ಕೋಣೆಗಿಂತ ಒಂದು ತೂಕ ಹೆಚ್ಚು. ಸಿಪ್ಪೆ ಸುಲಿಯದ ಕಾಯಿಯನ್ನು ಅಟ್ಟಕ್ಕೆ ಹಾಸಿದ ಅಡಿಕೆ ಮರದ ದಬ್ಬೆಯ ಮೇಲೆ ರಾಶಿ ಹಾಕಿದರೆ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಯಾರೂ ಕೈಹಚ್ಚುವಂತಿಲ್ಲ. ಕದಲಿಸಿದರೆ ಕಾಯಿ ಕೊಳೆಯುತ್ತದೆ ಎನ್ನುವುದು ಅವ್ವನ ಕಾನೂನು. ಅಟ್ಟದ ಮೂಲೆಯಲ್ಲಿ ಬಲ್ಬಿಗೆಂದು ಎಳೆದ ಒಂದು ಪ್ಲಗ್ಗೂ ಇತ್ತು. ಆಗ ಅಟ್ಟ ಖಾಲಿಯಿತ್ತು. ಫೋನನ್ನು ಆ ಮೂಲೆಯಲ್ಲಿ ಒಂದು ಇಟ್ಟಿಗೆಗೆ ಒರಗಿಸಿ, ಚಾರ್ಜರ್ ಸಿಕ್ಕಿಸಿ, ಇಳಿದು ಬಂದೆ. ಕೈ ತೊಳೆದುಕೊಂಡೆ; ಜವಾಬ್ದಾರಿ ಕಳೆದುಕೊಂಡ ಅರ್ಥದಲ್ಲಲ್ಲ, ದೂಳಿತ್ತು.

ಕಾಯಿ ಕೆಡವಿಸಿ ಅಟ್ಟಕ್ಕೆ ತುಂಬಿಸುವ ದಿನ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಉಸ್ತುವಾರಿ ನನ್ನದೇ. ಅಂದೇ ಕಚೇರಿಯ ನಾಗರಾಜು ಎಳನೀರು ಕುಡಿಯುವ ನೆಪದಲ್ಲಿ ಸರ್ವರ್ ನೋಡಲು ಬಂದಿದ್ದ. ನಾನು ಹೊಸ ಫೋನು ಹಿಡಿದು, ಪರದೆಯ ಮೇಲಿನ ಹಸಿರು ಚುಕ್ಕಿ ತೋರಿಸಿ, "ನೋಡು, ಈ ಚುಕ್ಕಿ ಹಸಿರಾಗಿದ್ದರೆ ಸರ್ವರ್ ಬದುಕಿದೆ ಅಂತ. ಇಟ್ಟಾಗಿನಿಂದ ಒಮ್ಮೆಯೂ ಆರಿಲ್ಲ," ಎಂದು ಕೊಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಟ್ಟದ ಮೇಲಿಂದ ಆಳು ರಂಗಪ್ಪ ಏನೋ ಕೂಗಿದ. ನಾನು ತಲೆ ಎತ್ತದೆ "ಸುರೀರಿ, ಸುರೀರಿ" ಎಂದೆ. ಗುಡುಗಿನಂಥ ಸದ್ದಾಯಿತು. "ಇಷ್ಟು ಅದುರಿದರೂ ಚುಕ್ಕಿ ಹಸಿರೇ ಇದೆ ನೋಡು!" ಎಂದು ನಾಗರಾಜುವಿಗೆ ಹೆಮ್ಮೆಯಿಂದ ತೋರಿಸಿದೆ. ಅವನೂ ತಲೆದೂಗಿದ.

ಎರಡು ದಿನ ಚುಕ್ಕಿ ಹಸಿರಾಗಿಯೇ ಇತ್ತು. ಆಮೇಲೊಂದು ಬೆಳಗ್ಗೆ ಸರೋಜ ಅಡುಗೆಮನೆಯಿಂದ ಕೂಗಿದಳು: "ರೀ, ಅಮ್ಮ ಬರ್ತಿಲ್ಲ ಕಣ್ರೀ."

ನೋಡಿದರೆ ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿದೆ. ಏಣಿ ಹತ್ತಿ ತಲೆ ತೂರಿಸಿದೆ. ಇಟ್ಟಿಗೆಯಿಲ್ಲ, ಮೂಲೆಯೂ ಇಲ್ಲ; ಗೋಡೆಯಿಂದ ಗೋಡೆಗೆ ಕಾಯಿ. ಕೆಳಗಿಳಿದು ದಬ್ಬೆಯ ಸಂದಿಯಲ್ಲಿ ಕೈ ತೂರಿಸಲು ನೋಡಿದೆ, ಎರಡು ಬೆರಳು ಹೋದವು, ಕಷ್ಟಪಟ್ಟು ವಾಪಸು ಬಂದವು. ಕಳೆದ ಫೋನು ಹುಡುಕಿಕೊಡುವ ಆ್ಯಪ್ ತೆರೆದೆ. ನಕಾಶೆ ಬಿಚ್ಚಿ, ನಿಮ್ಮ ಫೋನು ಕೊನೆಯದಾಗಿ ಕಂಡದ್ದು ನಿಮ್ಮ ಮನೆಯಲ್ಲೇ ಎಂದು ತಿಳಿಸಿತು. ಅಷ್ಟು ನನಗೂ ಗೊತ್ತಿತ್ತು.

"ಅವ್ವ, ಆ ಮೂಲೆ ಕಾಯಿ ಒಸಿ ಈ ಕಡೆಗೆ ಎಳೆಸ್ಲಾ?" ಎಂದು ಕೇಳಿದೆ.

"ಕೈ ಹಾಕು, ನೋಡ್ತೀನಿ," ಎಂದಳು ಅವ್ವ. "ಹಾಕ್ದ ಕಾಯಿ ಕದಲಿಸ್ಬಾರ್ದು ಅಂತ ಹುಟ್ಟಿದ್ ದಿನದಿಂದ ಕೇಳಿದ್ದೀಯ. ಒಡ್ದೋದ ಫೋನಿಗೆ ಒಂದ್ ಮೂಲೆ ಕಾಯಿ ಕೊಳೆಸ್ತೀಯೇನ್ಲಾ? ಮುಂದಿನ್ ವರ್ಷ ಕೊಬ್ಬರಿ ಇಳಿಸ್ದಾಗ ತಗಾ."

ಸರೋಜ ಜಗಳ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಆಡಲಿಲ್ಲ. ಅಡುಗೆ ಹೊತ್ತಿನಲ್ಲಿ ಫೋನು ಎತ್ತುವುದು, ಬೂದಿ ಚುಕ್ಕಿ ನೋಡುವುದು, ಇಡುವುದು. ಅಷ್ಟೇ. ವರ್ಷ ಕಳೆದ ಮೇಲೆ ಫೋನು ಸಿಕ್ಕರೂ ಆ ಸೆಕೆಗೆ, ಭಾರಕ್ಕೆ ಒಳಗಿನದು ಉಳಿದಿರುತ್ತದೆಯೇ ಎಂದು ನನಗೇ ನಂಬಿಕೆಯಿರಲಿಲ್ಲ. ಅದನ್ನು ಅವಳಿಗೆ ಹೇಳುವ ಧೈರ್ಯವೂ ಇರಲಿಲ್ಲ. ಖಾಲಿ ಮಾಡಿಕೊಟ್ಟವನು ನಾನೇ ಎಂಬ ಸಂಕಟ ಊಟದ ತಟ್ಟೆಯ ಮುಂದೆಯೂ ಬಿಡುತ್ತಿರಲಿಲ್ಲ.

ಒಂದು ದಿನ ಅವ್ವನೇ ಕೇಳಿದಳು. "ಯಾಕವ್ವ ಸರೋಜ, ಈಚೆಗೆ ಒಲೆ ಮುಂದೆ ನಿಮ್ಮವ್ವನ ಮಾತೇ ಕೇಳಲ್ವಲ್ಲ?"

ಸರೋಜ ಮೇಲಕ್ಕೆ ನೋಡಿದಳು. "ಅಮ್ಮ ಇರೋದು ಅಟ್ಟದ ಮೇಲಿರೋ ಆ ಫೋನಲ್ಲೇ, ಅತ್ತೆ."

ಅವ್ವ ನನ್ನ ಕಡೆ ತಿರುಗಿದಳು. ಆ ನೋಟವನ್ನು ಬರೆಯುವ ಶಕ್ತಿ ನನಗಿಲ್ಲ. "ಒಡ್ದೋದ ಫೋನು ಅಂದ್ಯಲ್ಲೋ!"

"ನೀನೇ ಅಂದಿದ್ದು ಕಣವ್ವ," ಎಂದೆ. ಅದು ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ರಂಗಪ್ಪನ್ನ ಕರ್ಕೊಂಡ್ ಬಾ. ಕಾಯಿ ಎಳೀರಿ."

"ಬ್ಯಾಡಿ ಅತ್ತೆ, ಕಾಯಿ ಕೊಳೀತವೆ," ಎಂದಳು ಸರೋಜ. "ಕೊಬ್ಬರಿ ಆದ್ಮೇಲೆ ನೋಡಿದ್ರಾಯ್ತು."

"ಕಾಯಿ ಬರೋ ವರ್ಷಾನೂ ಬತ್ತವೆ ಕಣವ್ವ," ಎಂದಳು ಅವ್ವ. "ನಿಮ್ಮವ್ವನ ಮಾತು ಬತ್ತದಾ?"

ಸರೋಜ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ನಾನು ರಂಗಪ್ಪನನ್ನು ಕರೆಯುವ ನೆಪದಲ್ಲಿ ಚಪ್ಪಲಿ ಮೆಟ್ಟಿ ಹೊರಬಿದ್ದೆ, ಇಲ್ಲದಿದ್ದರೆ ನಾನೂ ಅತ್ತುಬಿಡುತ್ತಿದ್ದೆ.

ರಂಗಪ್ಪ ಬಂದು ಕಾಯಿ ಎಳೆಯುತ್ತ ಹೇಳಿದ: "ಅವತ್ತೇ ಕೂಗಿ ಕೇಳಿದ್ನಲ್ಲ ಸ್ವಾಮಿ, ಇಲ್ಲೇನೋ ಇಟ್ಟವ್ರೆ, ಸುರಿಯಾದಾ ಅಂತ. ಸುರೀರಿ ಅಂದ್ರಿ." ಕೆಳಗೆ ಏಣಿ ಹಿಡಿದು ನಿಂತಿದ್ದ ಅವ್ವ ಅದನ್ನು ಸ್ವಲ್ಪ ಅಲ್ಲಾಡಿಸಿದಳು. ಏಣಿಯ ಮೇಲಿದ್ದವನು ನಾನು.

ಫೋನು ಸಿಕ್ಕಿತು. ಸಿಪ್ಪೆ ಇದ್ದ ಕಾಯಿಗಳಾದ್ದರಿಂದ ಜಜ್ಜಿಹೋಗಿರಲಿಲ್ಲ. ಚಾರ್ಜರಿನ ವೈರು ಕಿತ್ತು ಬಂದು, ಬ್ಯಾಟರಿ ಇದ್ದಷ್ಟು ಹೊತ್ತು ಓಡಿ ನಿಂತಿತ್ತು, ಅಷ್ಟೇ. ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ಎಲ್ಲರೂ ಸುತ್ತ ಕೂತೆವು. ಬಹಳ ಹೊತ್ತು ಕಪ್ಪಗೇ ಇದ್ದು, ಕೊನೆಗೆ ಎಚ್ಚರವಾಯಿತು. ಸರೋಜಳ ಫೋನಿನಲ್ಲಿ ಚುಕ್ಕಿ ಹಸಿರಾಯಿತು. ಅವಳು ವಿಡಿಯೊ ಒತ್ತಿದಳು. ಅತ್ತೆ ಬಂದರು. ಅವರೆಕಾಯಿ ಸುಲಿಯುತ್ತ, ಸೊಗಡಿಲ್ಲದ ಕಾಯಿ ಕೊಳ್ಳಬೇಡ ಎಂದರು, ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕ್ತೀಯ ಎಂದು ಮಗಳನ್ನು ಗದರಿಸಿದರು. ಅವ್ವ "ನಾನೂ ಅದನ್ನೇ ಹೇಳೋದು" ಎಂದು ಬೀಗಿತಿಯ ಪಕ್ಷ ವಹಿಸಿದಳು. ಸರೋಜ ಅಳುತ್ತಲೇ ನಗುತ್ತಿದ್ದಳು. ಆ ವಿಡಿಯೊವನ್ನು ನಾನೇ ತೆಗೆದು, ನಾನೇ ಸಾಗಿಸಿ, ನಾನೇ ಹೂತಿದ್ದೆ. ಕೂತು ಕೊನೆಯವರೆಗೆ ಕೇಳಿದ್ದು ಅಂದೇ ಮೊದಲು. ಕೊನೆಯಲ್ಲಿ ಅತ್ತೆ ತಲೆ ಎತ್ತಿ ನೇರವಾಗಿ ನನ್ನನ್ನೇ ನೋಡಿ ಹೇಳಿದರು:

"ಸಾಕು ಆ ಫೋನ್ ಕೆಳಗಿಡಿ ಅಳಿಯಂದ್ರೆ. ಅದನ್ನ ಹಿಡ್ಕೊಂಡ್ರೆ ಪಕ್ಕದಲ್ಲಿ ಕಾಯಿ ಬಿದ್ರೂ ಗೊತ್ತಾಗಲ್ಲ ನಿಮಗೆ."

ರಂಗಪ್ಪ ನಕ್ಕದ್ದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ.

ಈಗ ಆ ವಿಡಿಯೊದ ಪ್ರತಿ ಸರೋಜಳ ಫೋನಿನಲ್ಲಿದೆ, ನನ್ನದರಲ್ಲಿದೆ, ಅವ್ವನ ಬಟನ್ ಫೋನೊಂದರಲ್ಲಿ ಮಾತ್ರ ಇಲ್ಲ. ಸರ್ವರ್ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಯ ಪಕ್ಕ ಓಡುತ್ತಿದೆ. ಅದರ ಸ್ವಿಚ್ಚನ್ನು ಯಾರೂ ಮುಟ್ಟುವುದಿಲ್ಲ, ಅವ್ವ ಮುಟ್ಟಗೊಡುವುದಿಲ್ಲ. ಮೊನ್ನೆ ಕೊಬ್ಬರಿ ಇಳಿಸಿದಾಗ ಆ ಮೂಲೆಯಲ್ಲಿ ಕೊಳೆತ ಕಾಯಿ ಸಿಕ್ಕಾಗಲೆಲ್ಲ ಅವ್ವ "ತಗಾ, ನಿನ್ನ ಸರ್ವರ್ ಕಾಯಿ" ಎಂದು ನನ್ನ ಕಡೆಗೇ ಉರುಳಿಸಿದಳು. ಸರೋಜ ಈಗಲೂ ಅಡುಗೆ ಹೊತ್ತಿಗೆ ಅಮ್ಮನನ್ನು ಒಲೆಯ ಪಕ್ಕ ಕೂರಿಸಿಕೊಳ್ಳುತ್ತಾಳೆ. ಕೊನೆಯ ಮಾತು ಬರುವ ಹೊತ್ತಿಗೆ ಸದ್ದು ಸ್ವಲ್ಪ ಜಾಸ್ತಿ ಮಾಡುತ್ತಾಳೆ. ಹಾಲ್‌ನಲ್ಲಿ ಕೂತ ನಾನು, ಕೈಯಲ್ಲಿರುವ ಫೋನನ್ನು ಕೆಳಗಿಡುತ್ತೇನೆ.