ಜಿಂಕೆಗೂ ಶ್ರೀಪತಿಗೂ ಇಪ್ಪತ್ತು ಹೆಜ್ಜೆ

ಬೆಳಿಗ್ಗೆ 5.40. ಶ್ರೀಪತಿ ಗಾದಿಗನೂರು ಗುಡ್ಡದ ಬೇವಿನ ಮರದ ಮೇಲಿದ್ದ. ಅದೇ ಮರದ ಬುಡದಲ್ಲಿ ಅವನ ಮನೆ ಮಾಲೀಕ ವೀರೇಶ್ ಗುದ್ದಲಿ ಹಿಡಿದು ನೆಲ ಅಗೆಯುತ್ತಿದ್ದ.

ವೀರೇಶನ ಹೆಂಡತಿ ಗಂಗಾಂಬಿಕಾ ಮೊಬೈಲಿನ ಬೆಳಕು ಬಿಡುತ್ತಿದ್ದಳು. ಶ್ರೀಪತಿ ಕೆಲಸ ಮಾಡುವ ಲಾಡ್ಜಿನ ವಾಚ್‌ಮನ್ ಜಡೆಪ್ಪ ಬುಟ್ಟಿಯಲ್ಲಿ ಮಣ್ಣು ಎತ್ತಿ ಹಾಕುತ್ತಿದ್ದ. ಮೂವರಲ್ಲಿ ಒಬ್ಬರೂ ಇನ್ನೂ ಮೇಲೆ ನೋಡಿರಲಿಲ್ಲ.

ಶ್ರೀಪತಿಗೆ ನಲವತ್ತಾರು ವರ್ಷ. ಹೊಸಪೇಟೆ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರ ತನಕ ಹಂಪಿ ನೋಡಲು ಬಂದವರಿಗೆ ಕೀಲಿ ಕೊಡುವುದು, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆಂದು ಹೇಳುವುದು ಅವನ ಕೆಲಸ. ಮದುವೆಯಾಗಿರಲಿಲ್ಲ. ದಿನಕ್ಕೆ ಅರವತ್ತು ಜನರೊಡನೆ ಮಾತಾಡುತ್ತಿದ್ದ. ಅರವತ್ತೂ ಜನರದ್ದು ಬಿಸಿನೀರಿನ ಮಾತೇ.

ಒಂದು ಸಂಜೆ ಕೌಂಟರಿನಲ್ಲಿ ಕೂತು ಅಮೆರಿಕದ ಬಿಲ್ಲುಬೇಟೆಗಾರರ ವಿಡಿಯೊ ನೋಡಿದ. ಜಿಂಕೆ ಎಲ್ಲಿ ನೀರು ಕುಡಿಯುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ತಿಂಗಳುಗಟ್ಟಲೆ ಗುರುತು ಮಾಡಿಕೊಂಡು, ಮರದ ಮೇಲೆ ಒಬ್ಬನೇ ಉಸಿರು ಬಿಗಿಹಿಡಿದು ಕೂರುವ ಮನುಷ್ಯರು. ಒಂಟಿತನವೂ ಒಂದು ವಿದ್ಯೆ ಎಂಬುದು ಶ್ರೀಪತಿಗೆ ಮೊದಲ ಸಲ ತಿಳಿದದ್ದು ಆಗ.

ಬಿಲ್ಲು ತರಿಸಿಕೊಂಡ. ಬಾಣ ತರಿಸಲಿಲ್ಲ. ಜಿಂಕೆಗೆ ಬಾಣ ಬಿಟ್ಟರೆ ಜೈಲು ಎಂಬುದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದಿದ್ದರೂ ಅವನು ಬಾಣ ಬಿಡುವವನಲ್ಲ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಜಿಂಕೆ ಇಪ್ಪತ್ತು ಹೆಜ್ಜೆಯೊಳಗೆ ಬರಬೇಕು, ಬರೀ ಬಿಲ್ಲಿನ ಹೆದೆಯನ್ನು ಕಿವಿಯ ತನಕ ಎಳೆಯಬೇಕು, ಮೂರು ಉಸಿರು ಹಾಗೇ ಹಿಡಿದು, ಸದ್ದಾಗದಂತೆ ಸಡಿಲ ಬಿಡಬೇಕು. ಜಗತ್ತಿನಲ್ಲಿ ಒಂದು ಜೀವವನ್ನಾದರೂ ಅಷ್ಟು ಚೆನ್ನಾಗಿ ಬಲ್ಲೆ ಎಂದುಕೊಳ್ಳಬೇಕು.

ಎಂಬತ್ತೇಳು ದಿನ ನಸುಕಿಗೇ ಎದ್ದು ಬಂದ. ಎಡಗಿವಿ ಹರಿದ ಒಂದು ಗಂಡು ಜಿಂಕೆ ದಿನಾ 6.10ರ ಆಸುಪಾಸಿಗೆ ಬರುತ್ತಿತ್ತು. ಮೊದಲು ಅರವತ್ತೊಂದು ಹೆಜ್ಜೆ ದೂರದಲ್ಲಿ, ಆಮೇಲೆ ನಲವತ್ತು, ಮೊನ್ನೆ ಇಪ್ಪತ್ತಮೂರು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದ. ಇವತ್ತು ಇಪ್ಪತ್ತಕ್ಕೆ ಬರುತ್ತದೆಂದು ಅವನ ಲೆಕ್ಕ.

ಅವನಂತೆಯೇ ವೀರೇಶನ ಮನೆಯವರೂ ಲೆಕ್ಕ ಹಾಕುತ್ತಿದ್ದರು. ಮೈವಾಸನೆ ಜಿಂಕೆಗೆ ತಿಳಿಯಬಾರದೆಂದು ಶ್ರೀಪತಿ ಸೋಪು ಬಿಟ್ಟಿದ್ದ, ಉಳ್ಳಾಗಡ್ಡಿ ಬೆಳ್ಳುಳ್ಳಿ ಬಿಟ್ಟಿದ್ದ. ಗಂಗಾಂಬಿಕಾ ಇದನ್ನು ವ್ರತ ಎಂದಳು. ಅಮಾವಾಸ್ಯೆಯ ದಿನವೂ ಕತ್ತಲಲ್ಲೇ ಹೊರಟದ್ದನ್ನು ವೀರೇಶ್ ನೋಡಿದ. ವೀರೇಶನ ಮಾತಿಗೆ ನಿನ್ನೆ ಹಿಂಬಾಲಿಸಿ ಬಂದ ಜಡೆಪ್ಪ ಉಳಿದದ್ದನ್ನು ನೋಡಿದ: ಗಾಳಿಯ ದಿಕ್ಕು ತಿಳಿಯಲು ಶ್ರೀಪತಿ ಅಕ್ಕಿಹಿಟ್ಟು ತೂರುತ್ತಿದ್ದ, ಮರದಿಂದ ಹೆಜ್ಜೆ ಎಣಿಸಿ ಕಲ್ಲಿಡುತ್ತಿದ್ದ. ಹಂಪಿಯ ಸುತ್ತಲಿನ ಊರಲ್ಲಿ ಹುಟ್ಟಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ನಿಧಿ.

ಶ್ರೀಪತಿಗಿಂತ ಮೊದಲೇ ಬರಬೇಕೆಂದು ಹೊರಟಿದ್ದರು. ಗಂಗಾಂಬಿಕಾ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬುವಷ್ಟರಲ್ಲಿ ಹತ್ತು ನಿಮಿಷ ತಡವಾಯಿತು. ಅಷ್ಟರೊಳಗೆ ಶ್ರೀಪತಿ ಮರ ಹತ್ತಿದ್ದ. ಅದು ಅವರಿಗೆ ಗೊತ್ತಿರಲಿಲ್ಲ.

“ಇನ್ನಾ ಎಷ್ಟ್ ಅಗೀಬೇಕಲೇ ಜಡೆಪ್ಪ?” ವೀರೇಶ್ ಬೆವರು ಒರೆಸಿಕೊಂಡ.

“ಆಳುದ್ದ ಇರ್ತೈತ್ರಿ ಸಾವ್ಕಾರ್ರ. ಕೊಪ್ಪರಿಗಿ ಅಂದ್ರ ಏನ್ ಮೇಲೇ ಇರ್ತೈತೇನ್ರಿ?”

“ಜಲ್ದಿ ಅಗೀರಿ. ಆ ಶ್ರೀಪತಿ ಬಂದ್ರ ಅವಂಗೂ ಪಾಲು ಕೊಡಬೇಕಾಗ್ತೈತಿ,” ಎಂದಳು ಗಂಗಾಂಬಿಕಾ.

“ಪಾಪ, ಒಂಟಿ ಮನಿಷಾ. ಅವಂಗ್ಯಾಕ ನಿಧಿ? ಯಾರಿಗೆ ಬಂಗಾರ ಹಾಕ್ತಾನ?” ಎಂದ ವೀರೇಶ್.

ಮೇಲಿದ್ದ ಒಂಟಿ ಮನುಷ್ಯ ಕೊಂಬೆಯನ್ನು ಬಿಗಿಯಾಗಿ ಹಿಡಿದುಕೊಂಡ. ಇಳಿದರೆ ಕೈಯಲ್ಲಿ ಬಿಲ್ಲಿದೆ, ಬೇಟೆಗಾರನಾಗುತ್ತಾನೆ. ನಿಜ ಹೇಳಿದರೆ ನಾಳೆ ಇಡೀ ಓಣಿ ಜಿಂಕೆ ನೋಡಲು ಬರುತ್ತದೆ. ಸುಮ್ಮನಿದ್ದರೆ ಈ ಗದ್ದಲಕ್ಕೆ ಜಿಂಕೆ ಬರುವುದಿಲ್ಲ. ಮೂರರಲ್ಲಿ ಸುಮ್ಮನಿರುವುದೇ ಅವನಿಗೆ ರೂಢಿ. ಸುಮ್ಮನಿದ್ದ.

6.10ಕ್ಕೆ ಜಿಂಕೆ ಬಂತು.

ಶ್ರೀಪತಿ ಕಣ್ಣು ಉಜ್ಜಿಕೊಂಡ. ಮೂವತ್ತು ಹೆಜ್ಜೆ. ಗುದ್ದಲಿ ನೆಲಕ್ಕೆ ಬಡಿಯುತ್ತಲೇ ಇತ್ತು, ಜಿಂಕೆ ಮುಂದೆ ಬರುತ್ತಲೇ ಇತ್ತು. ಇಪ್ಪತ್ತೈದು. ಗುಂಡಿಯ ಮೂವರೂ ಬೆನ್ನು ತಿರುಗಿಸಿದ್ದರು. ಇಪ್ಪತ್ತು. ಬಿಲ್ಲೆತ್ತಿ ಹೆದೆಯನ್ನು ಕಿವಿಯ ತನಕ ಎಳೆದ. ಮೊದಲ ಉಸಿರು.

ಎರಡನೆಯ ಉಸಿರಿಗೆ ಕೊಂಬೆ ಹಳೇ ಮಂಚದ ಹಾಗೆ ಕಿರುಗುಟ್ಟಿತು. ಗಂಗಾಂಬಿಕಾ ಮೊಬೈಲಿನ ಬೆಳಕನ್ನು ಮೇಲಕ್ಕೆ ತಿರುಗಿಸಿದಳು. ಜಿಂಕೆಗೆ ಕಾಣಬಾರದೆಂದು ಕೆಮ್ಮಣ್ಣು ಬಳಿದುಕೊಂಡ ಮುಖ, ಅದರಲ್ಲಿ ಎರಡು ಕಣ್ಣು, ಮುಂದೆ ಒಂದು ಬಿಲ್ಲು.

“ಯವ್ವೋ! ನಿಧಿ ಕಾಯೋ ಭೂತ!”

ಜಿಂಕೆ ಪೊದೆಗೆ ಹಾರಿತು. ಶ್ರೀಪತಿ ಗುಂಡಿಗೆ ಬಿದ್ದ. ಆಗಷ್ಟೇ ಅಗೆದ ಮಣ್ಣು ಮೆತ್ತಗಿದ್ದದ್ದರಿಂದ ಮೂಳೆ ಮುರಿಯಲಿಲ್ಲ.

“ಲೇ, ಇದು ನಮ್ ಶ್ರೀಪತಿಯಲ್ಲೇನಲೇ!” ವೀರೇಶ್ ಗುದ್ದಲಿ ಇಳಿಸಿದ. “ಏನ್ರೀ, ಬಾಡಿಗೆಗೆ ಮನಿ ಕೊಟ್ಟಿದ್ದು ನಾವು. ಒಂದ್ ಮಾತು ಹೇಳಬಾರ್ದೇನ್ರಿ ನಿಧಿ ಐತಿ ಅಂತ?”

“ನಿಧಿ ಇಲ್ರಿ. ಜಿಂಕಿ ನೋಡಾಕ ಬರ್ತೀನಿ.”

“ಮೂರು ತಿಂಗಳಾ? ಜಿಂಕಿನಾ?” ಗಂಗಾಂಬಿಕಾ ನಕ್ಕಳು. “ಸುಳ್ಳು ಹೇಳಿದ್ರೂ ನಂಬಂಗಿರಬೇಕ್ರಿ.”

ಕಿರುಚಿದ ಸದ್ದಿಗೆ ಅರಣ್ಯ ಗಾರ್ಡ್ ಗಾಳೆಪ್ಪ ಕೋಲು ಹಿಡಿದು ಓಡಿ ಬಂದ. ಗುಂಡಿ, ಗುದ್ದಲಿ, ಬಿಲ್ಲು, ಚಿತ್ರಾನ್ನ ಎಲ್ಲವನ್ನೂ ಒಂದೊಂದಾಗಿ ನೋಡಿದ.

“ಯಾರ್ಯಾರು ಏನೇನು ಮಾಡಾಕ ಹತ್ತೀರಿ, ಒಬ್ಬೊಬ್ಬರ ಹೇಳ್ರಿ.”

“ಈ ಬೇಟಿಗಾರನ್ನ ಹಿಡಿಯಾಕ ಬಂದೀವ್ರಿ ಸಾಹೇಬ್ರ,” ಎಂದ ಜಡೆಪ್ಪ, ಬುಟ್ಟಿಯನ್ನು ಬೆನ್ನ ಹಿಂದೆ ಅಡಗಿಸುತ್ತ. “ಗುಂಡಿ ತೋಡಿ ಬೀಳಿಸಿದ್ವಿ.”

“ಹೌದ್ರಿ. ನೋಡ್ರಿ, ಬಿದ್ದಾನ,” ಎಂದ ವೀರೇಶ್.

ಶ್ರೀಪತಿಗೆ ಬೇರೆ ದಾರಿ ಉಳಿಯಲಿಲ್ಲ. ಬಾಣವಿಲ್ಲದ ಬಿಲ್ಲು ತೋರಿಸಿದ, ನೋಟ್‌ಬುಕ್ ಕೊಟ್ಟ. ಗಾಳೆಪ್ಪ ನಿಂತಲ್ಲೇ ಓದಿದ. ನಾಲ್ಕನೇ ಪುಟಕ್ಕೆ ಅವನ ಹುಬ್ಬು ಮೇಲೇರಿತು.

“ಎಡಗಿವಿ ಹರದೈತೇನ್ರಿ?”

“ಹೌದ್ರಿ. ಭಾಳ ಎಚ್ಚರದ ಪ್ರಾಣಿ. ಇಪ್ಪತ್ತು ಹೆಜ್ಜಿಗೆ ತರಾಕ ಎಂಬತ್ತೇಳು ದಿನ ಆತು.”

ಗಾಳೆಪ್ಪ ಗಂಗಾಂಬಿಕಾಳ ಡಬ್ಬಿ ತೆಗೆದುಕೊಂಡ, ಮುಚ್ಚಳವನ್ನು ಟಣಟಣ ಬಡಿದ. “ಬಾ ರಾಜಾ, ಬಾ ಬಾ.”

ಪೊದೆ ಅಲುಗಾಡಿತು. ಜಿಂಕೆ ಹೊಟೇಲಿನ ಖಾಯಂ ಗಿರಾಕಿಯಂತೆ ನಡೆದು ಬಂದು ಚಿತ್ರಾನ್ನಕ್ಕೆ ಬಾಯಿ ಹಾಕಿತು.

“ಇದು ಕಾಡಿಂದಲ್ರಿ,” ಎಂದ ಗಾಳೆಪ್ಪ. “ವಿರುಪಮ್ಮ ಅಂತ ಒಬ್ಬಾಕಿ ಮರಿ ಇದ್ದಾಗಿಂದ ಬಾಟ್ಲಿ ಹಾಲು ಕುಡಿಸಿ ಸಾಕಿದ್ಲು. ಕೇಸಾಗ್ತೈತಿ ಅಂದಿದ್ದಕ್ಕ ಹೆದರಿ ಗುಡ್ಡಕ್ಕ ಬಿಟ್ಟಾಳ. ಮೂರು ತಿಂಗಳಿಂದ ಹುಡುಕಾಕ ಹತ್ತೀವಿ. ಮಂದಿ ಇಲ್ದ ಇರಂಗಿಲ್ಲ ಇದು. ಮಂದಿ ವಾಸನಿ ಹುಡುಕ್ಕೊಂಡ್ ತಿರಗತೈತಿ.”

“ಮತ್ತ ನಾನು...”

“ನೀವು ವಾಸನಿ ಕಳಕೊಂಡು ಮರ ಹತ್ತೀರಿ. ಕೆಳಗ ಕುಂತಿದ್ರ ಮೊದಲ್ನೇ ದಿನಾನೇ ಬಂದು ಬಾಜೂಕ ಮಲಗತಿತ್ತು.”

ಡಬ್ಬಿ ಖಾಲಿಯಾಯಿತು. ಜಿಂಕೆ ಗುಂಡಿಯ ಹತ್ತಿರ ಬಂದು, ಶ್ರೀಪತಿಯ ಅಂಗೈಗೆ ಮೆತ್ತಿದ್ದ ಅಕ್ಕಿಹಿಟ್ಟನ್ನು ನೆಕ್ಕಿತು. ನಾಲಗೆ ಬೆಚ್ಚಗಿತ್ತು, ಒರಟಾಗಿತ್ತು. ಅವನು ಕೈ ಅಲುಗಿಸಲಿಲ್ಲ.

ಆಮೇಲೆ ಗಾಳೆಪ್ಪ ಫೋನ್ ಮಾಡಿದ. ಎಂಟು ಗಂಟೆಗೆ ಜೀಪು ಬಂತು. ನಾಯಿಗಳ ಕಾಟವಿರುವ ಗುಡ್ಡದಲ್ಲಿ ಸಾಕಿದ ಜಿಂಕೆ ಉಳಿಯುವುದಿಲ್ಲವೆಂದು ಮೃಗಾಲಯಕ್ಕೆ ಒಯ್ದರು. ಗುಂಡಿ ತೋಡಿದ ಮೂವರಿಂದಲೇ ಗುಂಡಿ ಮುಚ್ಚಿಸಿ, ಹೆಸರು ಬರೆದುಕೊಂಡು ಕಳಿಸಿದರು. ಶ್ರೀಪತಿ ಒಂಬತ್ತಕ್ಕೆ ಸರಿಯಾಗಿ ಕೌಂಟರಿನಲ್ಲಿದ್ದ.

“ಜಿಂಕಿ ಅಲ್ಲೇ ಇರ್ತೈತ್ರಿ, ಟಿಕೆಟ್ ತಗೊಂಡು ಬೇಕಾದಾಗ ನೋಡ್ರಿ,” ಎಂದು ಗಾಳೆಪ್ಪ ಹೋಗುವಾಗ ಹೇಳಿದ್ದ. ಮೃಗಾಲಯ ತೆರೆದಿರುವುದು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರ ತನಕ. ವಾರದ ರಜೆ ಮಂಗಳವಾರ. ಶ್ರೀಪತಿಗೂ ವಾರದಲ್ಲಿ ರಜೆ ಇರುವುದು ಮಂಗಳವಾರ ಒಂದೇ.