ರಂಗಿಯನ್ನು ಬಿಸಿಲಿಗೆ ಹಾಕಿದ್ದು

ನನಗೆ ಕೈಗುಣವಿಲ್ಲ ಎಂಬುದು ನನ್ನ ಹೆಂಡತಿ ಗಿರಿಜೆಯ ಬಹುಕಾಲದ ತೀರ್ಪು. ನಾನು ತಂದ ಗಿಳಿ ಸತ್ತಿತು, ನೆಟ್ಟ ಮಲ್ಲಿಗೆ ಒಣಗಿತು, ಸಾಕಿದ ಜೇನು ಪೆಟ್ಟಿಗೆ ಬಿಟ್ಟು ಹಾರಿಹೋಯಿತು. ನನ್ನ ಕೈಯಲ್ಲೂ ಒಂದು ಜೀವ ಉಳಿಯುತ್ತದೆ ಎಂದು ಅವಳಿಗೆ ಒಮ್ಮೆಯಾದರೂ ತೋರಿಸಬೇಕೆಂದು ಹಠ ತೊಟ್ಟಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೋಮವಾರಪೇಟೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್. ಆಳುಗಳ ಹಾಜರಿಯಿಂದ ಹಿಡಿದು ಕಣದಲ್ಲಿ ಕಾಫಿ ಒಣಗಿಸುವವರೆಗೆ ಎಲ್ಲ ನನ್ನದೇ. ಮಡಿಕೇರಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನನ್ನ ಭಾಮೈದ ಶಿವಣ್ಣ ತರಬೇತಿಗೆಂದು ಎರಡು ತಿಂಗಳು ಮೈಸೂರಿಗೆ ಹೊರಟವನು, ಗಾಜಿನ ಭರಣಿಯೊಂದನ್ನು ತಂದು ನನ್ನ ಮುಂದಿಟ್ಟ. ಒಳಗೆ ಒದ್ದೆ ಮಣ್ಣು, ಅದರ ಮೇಲೆ ಮೈತುಂಬ ರೋಮವಿದ್ದ ಒಂದು ಮರಿ ಜೇಡ!

"ಇಂಗ್ಲಿಷ್‌ನಲ್ಲಿ ಟರಾಂಟುಲಾ ಅಂತಾರೆ ಭಾವ. ಮಣ್ಣು ಒಣಗಬಾರ್ದು. ವಾರಕ್ಕೆರಡು ಜಿರಳೆ ಹಾಕಿದ್ರೆ ಸಾಕು. ಇನ್ನೊಂದು ಮುಖ್ಯ ವಿಷಯ, ಅದು ಊಟ ಬಿಟ್ಟಾಗ..."

"ಇಡೀ ಎಸ್ಟೇಟ್ ನೋಡ್ಕೊಳ್ಳೋನಿಗೆ ಒಂದು ಜೇಡ ನೋಡ್ಕೊಳ್ಳೋದು ಹೇಳಿಕೊಡ್ತೀಯೇನೋ? ಹೋಗಿ ಬಾ ಮಾರಾಯ!" ಎಂದೆ.

"ಥೂ! ಮನೇಲಿರೋ ಜೇಡ ಹೊಡೆಯೋಕೇ ಪುರುಸೊತ್ತಿಲ್ಲ, ನೀನು ಇನ್ನೊಂದು ತಂದ್ಯಾ?" ಎಂದು ಗಿರಿಜೆ ತಮ್ಮನನ್ನು ಬೈದಳು. ಆದರೆ ಹದಿನೈದು ದಿನ ಕಳೆಯುವುದರೊಳಗೆ ಜಿರಳೆ ಹಿಡಿಯುವವಳು ಅವಳೇ ಆದಳು. ರಂಗಿ ಅಂತ ಹೆಸರೂ ಇಟ್ಟಳು. ಮಕ್ಕಳಿಲ್ಲದ ಮನೆ ನಮ್ಮದು. ಸಂಜೆ ಭರಣಿಯ ಮುಂದೆ ಕೂತು, "ಇವತ್ತು ಉಂಡ್ಲು ಕಣ್ರೀ" ಎಂದು ಅವಳು ಹೇಳುವಾಗ ನಾನೂ ಹಾಜರಿ ಪುಸ್ತಕ ಮುಚ್ಚಿಟ್ಟು ಪಕ್ಕದಲ್ಲಿ ಹೋಗಿ ಕೂರುತ್ತಿದ್ದೆ. ನಗಬೇಡಿ, ನಿಜ.

ಪುಷ್ಯದ ಚಳಿಗೆ ರಂಗಿ ಊಟ ಬಿಟ್ಟಳು. ಒಂದು ಬೆಳಿಗ್ಗೆ ನೋಡಿದರೆ ಎಂಟೂ ಕಾಲು ಮೇಲೆ ಮಾಡಿ ಅಂಗಾತ ಬಿದ್ದಿದ್ದಾಳೆ!

"ಅಯ್ಯೋ, ಏನಾಯ್ತ್ರೀ ಇವ್ಳಿಗೆ?"

ಭರಣಿಗೆ ಬೆರಳು ಹಾಕಿದೆ. ಮಣ್ಣು ತಣ್ಣಗೆ, ಒದ್ದೆ. ರೋಗ ಪತ್ತೆಯಾಯಿತು! ಇಪ್ಪತ್ತು ವರ್ಷ ಕಾಫಿ ಒಣಗಿಸಿದವನಿಗೆ ಲೋಕದಲ್ಲಿ ಇರುವುದು ಒಂದೇ ರೋಗ, ತೇವ. ಒಂದೇ ಮದ್ದು, ಬಿಸಿಲು.

"ಥಂಡಿ ಹಿಡಿದಿದೆ ಅಷ್ಟೆ. ಕಾಲು ಇನ್ನೂ ಅಲ್ಲಾಡ್ತಿದೆ ನೋಡು. ಕಣಕ್ಕೆ ತಗೊಂಡು ಹೋಗ್ತೀನಿ."

"ಮಣ್ಣು ಒಣಗಬಾರ್ದು ಅಂದಿದ್ದ ಶಿವಣ್ಣ. ಅದರ ಪಾಡಿಗೆ ಬಿಟ್ಬಿಡಿ ರೀ, ನಿಮ್ಮ ದಮ್ಮಯ್ಯ."

"ಅವನು ಮೇಷ್ಟ್ರು. ನಾನು ರೈಟರ್!"

ಕಾಫಿ ಹಣ್ಣು ಹರವಿದ್ದ ಕಣದ ಮೂಲೆಯಲ್ಲಿ ಒಣ ಗೋಣಿ ಹಾಸಿ ರಂಗಿಯನ್ನು ಮಲಗಿಸಿದೆ. ಕಣದ ಕಾನೂನಿನ ಪ್ರಕಾರ ಹರವಿದ್ದನ್ನು ಗಂಟೆಗೊಮ್ಮೆ ಮಗುಚಬೇಕು, ಇಲ್ಲದಿದ್ದರೆ ಅಡಿಯ ಮಗ್ಗುಲು ಬೂಷ್ಟು ಹಿಡಿಯುತ್ತದೆ. ಹತ್ತು ಗಂಟೆಗೆ ಕಾಫಿ ಮಗುಚಿಸಿದೆ, ಎಲೆಯ ತುದಿಯಿಂದ ರಂಗಿಯನ್ನೂ ಮಗುಚಿದೆ. ಹನ್ನೊಂದಕ್ಕೂ ಮಗುಚಿದೆ. ಕರ್ತವ್ಯಲೋಪ ಎಂಬುದು ನನ್ನಲ್ಲಿಲ್ಲ! ಮಧ್ಯಾಹ್ನದ ಹೊತ್ತಿಗೆ ಅವಳು ಅಲ್ಲಾಡುವುದನ್ನು ನಿಲ್ಲಿಸಿದಳು.

ಗಿರಿಜೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಣಗಿದ ಮಲ್ಲಿಗೆಯ ಬುಡದಲ್ಲಿ ತಾನೇ ಗುಂಡಿ ತೋಡಿ, ಮಣ್ಣು ಮುಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾನು ಅಲ್ಲೇ ಪೆಚ್ಚಾಗಿ ನಿಂತಿದ್ದೆ.

ತರಬೇತಿ ಮುಗಿಸಿ ಶಿವಣ್ಣ ಬಂದ. ನಡೆದದ್ದನ್ನೆಲ್ಲ ಹೇಳಿದೆ. ಅವನು ಖಾಲಿ ಭರಣಿಯನ್ನು ಎತ್ತಿ ನೋಡಿದ.

"ಭಾವ, ಅದಕ್ಕೆ ಏನೂ ಆಗಿರ್ಲಿಲ್ಲ. ಹಾವಿನ ಥರ ಪೊರೆ ಬಿಡ್ತಿತ್ತು. ಅಂಗಾತ ಮಲಗ್ಕೊಂಡೇ ಪೊರೆ ಕಳಚೋದು ಅದು. ಆಗ ತೇವ ಬೇಕು, ಮುಟ್ಟಬಾರ್ದು. ಅವತ್ತು ನಾನು ಹೇಳೋಕೆ ಹೊರಟಿದ್ದೇ ಅದನ್ನ. ಇನ್ನೂ ಎಷ್ಟೋ ವರ್ಷ ಬದುಕ್ತಿತ್ತು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಆ ಸಲ ಕಾಫಿ ಬಹಳ ಹದವಾಗಿ ಒಣಗಿದೆ ಎಂದು ಎಸ್ಟೇಟಿನ ಸಾಹುಕಾರರು ನಮ್ಮ ಮನೆ ಬಾಗಿಲಿಗೇ ಬಂದು ನನ್ನನ್ನು ಹೊಗಳಿದರು. ನಾನು ಎದೆ ಉಬ್ಬಿಸಿ ನಿಂತಿದ್ದೆ. ಕಾಫಿ ಲೋಟ ತಂದಿಟ್ಟ ಗಿರಿಜೆ ನೆಲ ನೋಡುತ್ತ ಹೇಳಿದಳು:

"ಹೌದು ಸಾಹುಕಾರ್ರೆ. ಒಣಗಿಸೋದ್ರಲ್ಲಿ ಇವರ ಕೈಗುಣ ಯಾರಿಗೂ ಬರಲ್ಲ."